ಸೀಸದ ತೂಕ, ತಿಂಗಳ ಲೆಕ್ಕ

ಮನೆಗೆ ಬರುವ ಹೊಸ ಸಾಮಾನುಗಳಲ್ಲಿ ಯಾವ ಸಂಭ್ರಮವೂ ಇಲ್ಲದೆ ಬರುವುದೆಂದರೆ ಕಾರಿನ ಬ್ಯಾಟರಿ. ಸೀರೆ ತಂದರೆ ನಾಲ್ಕು ಜನ ಸೆರಗು ಹಿಡಿದು ನೋಡುತ್ತಾರೆ. ಹೊಸ ಮಿಕ್ಸಿ ಬಂದರೆ ಅದರಲ್ಲಿ ಅರೆದ ಮೊದಲ ಚಟ್ನಿಗೆ ಒಂದು ಮರ್ಯಾದೆ ಇರುತ್ತದೆ. ಕಾರಿಗೆ ಸೀಟ್ ಕವರ್ ಹಾಕಿಸಿದರೂ ಪಕ್ಕದ ಮನೆಯವರು ಗಾಜಿನೊಳಗೆ ಕಣ್ಣು ಹಾಯಿಸಿ "ಎಷ್ಟಾಯ್ತು?" ಎಂದು ಕೇಳುತ್ತಾರೆ. ಬ್ಯಾಟರಿ ಹಾಕಿಸಿಕೊಂಡು ಬಂದವನನ್ನು ಯಾರೂ ಏನೂ ಕೇಳುವುದಿಲ್ಲ. ನಾಲ್ಕೈದು ಸಾವಿರ ಕಳೆದುಕೊಂಡು ಬಂದಮೇಲೂ ಕಾರು ಹೋದ ತಿಂಗಳು ಹೇಗೆ ಶುರುವಾಗುತ್ತಿತ್ತೋ ಹಾಗೆಯೇ ಶುರುವಾಗುತ್ತದೆ, ಅಷ್ಟೆ. ತೋರಿಸೋಣವೆಂದು ಬಾನೆಟ್ಟು ಎತ್ತಿದರೆ ಅಲ್ಲಿರುವುದು ಒಂದು ಡಬ್ಬ. ಅದನ್ನು ನೋಡಿ ಹೊಗಳುವ ಮಾತು ನಮ್ಮವರ ಹತ್ತಿರ ಇಲ್ಲ.

ಆಯುಧಪೂಜೆಯ ದಿನವನ್ನೇ ನೋಡಿ. ಕಾರು ತೊಳೆದು, ಬಾನೆಟ್ಟಿಗೆ ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಸ್ಟಿಯರಿಂಗಿಗೊಂದು ಬೊಟ್ಟಿಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಒಡೆಯುತ್ತೇವೆ. ಒಳಗಿರುವ ಬ್ಯಾಟರಿಗೆ ಒಂದು ಹೂವಿನ ಎಸಳು ಇಟ್ಟವರನ್ನು ನಾನು ಕಂಡಿಲ್ಲ. ಅದೇ ಸಿಟ್ಟೋ ಏನೋ, ನಮ್ಮ ಬಡಾವಣೆಯಲ್ಲಿ ಆ ದಿನ ಒಬ್ಬರ ಕಾರಾದರೂ ನಿಂಬೆಹಣ್ಣು ಹತ್ತಲು ಒಪ್ಪದೆ 'ಕಟ ಕಟ ಕಟ' ಎಂದು ಹಲ್ಲು ಕಡಿಯುತ್ತದೆ. ಕೊನೆಗೆ ಪಂಚೆ ಎತ್ತಿ ಕಟ್ಟಿದ ನಾಲ್ವರು ಹಿಂದಿನಿಂದ ತಳ್ಳಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುತ್ತಾರೆ. ದೇವರಿಗೆ ಸಲ್ಲಬೇಕಾದದ್ದು ಹೇಗೋ ಸಲ್ಲುತ್ತದೆ. ಹಿಂದಿನ ದಿನವಿಡೀ ನಾಲ್ಕೂ ಬಾಗಿಲು ತೆರೆದಿಟ್ಟು, ಒಳಗಿನ ದೀಪ ಉರಿಯಲು ಬಿಟ್ಟು, ಭಕ್ತಿಗೀತೆ ಹಾಕಿಕೊಂಡು ಕಾರು ತೊಳೆದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ನೆನೆಯುವುದಿಲ್ಲ. ಅರೆಜೀವದ ಬ್ಯಾಟರಿಗೆ ಅಷ್ಟು ಭಕ್ತಿ ಸಾಕು.

ಕೈಕೊಟ್ಟ ಕಾರಿನ ಸುತ್ತ ನಿಮಿಷದೊಳಗೆ ಒಂದು ಸಭೆ ಸೇರುತ್ತದೆ. ವಾಚ್‌ಮನ್ನು "ಸೆಲ್ಫ್ ಹೋಗಿದೆ ಸಾರ್" ಎನ್ನುತ್ತಾನೆ. ಎದುರುಮನೆಯ ನಿವೃತ್ತ ಎಂಜಿನಿಯರು "ಡೈನಮೋ ಚಾರ್ಜ್ ಮಾಡ್ತಿಲ್ಲ ಕಣ್ರೀ" ಎಂದು ಬಹಳ ನಿಧಾನವಾಗಿ, ಬಹಳ ಖಚಿತವಾಗಿ ಹೇಳುತ್ತಾರೆ. ಡೈನಮೋ ಹೋಗಿ ಆಲ್ಟರ್ನೇಟರ್ ಬಂದು ದಶಕಗಳೇ ಆದವು. ಅವರ ಬಾಯಲ್ಲಿ ಅದು ಇನ್ನೂ ಡೈನಮೋ. ಹಾಲು ತರಲು ಹೊರಟಿದ್ದ ಹುಡುಗನೊಬ್ಬ ಟರ್ಮಿನಲ್ಲಿನ ಮೇಲೆ ಬೆಳೆದ ಹಸಿರು ಮಿಶ್ರಿತ ಬಿಳಿ ಪುಡಿಯನ್ನು ತೋರಿಸಿ "ಬಿಸಿನೀರು ಹಾಕಿ ಅಂಕಲ್" ಎನ್ನುತ್ತಾನೆ. ಎಷ್ಟೋ ಸಲ ಇಡೀ ಸಭೆಯಲ್ಲಿ ಸರಿಯಾದ ಮಾತು ಅವನದೇ. ಬಿಸಿನೀರಿಗೆ ಚೂರು ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಬಿಗಿದು, ಮೇಲೊಂದಿಷ್ಟು ವ್ಯಾಸಲೀನ್ ಸವರಿದರೆ ಇನ್ನಾರು ತಿಂಗಳು ಓಡುವ ಬ್ಯಾಟರಿಗಳನ್ನು ನಾವು ಆತುರಪಟ್ಟು ಗುಜರಿಗೆ ಕಳಿಸುತ್ತೇವೆ. ಹೊಸದಕ್ಕೆ ಎಷ್ಟು ಕೊಡಬೇಕು ಎಂಬ ಚಿಂತೆ ಹೊಸದು ಬೇಕೋ ಬೇಡವೋ ಎಂದು ತಿಳಿದ ಮೇಲೆ ಮಾಡಿದರಾಯಿತು.

ಮಲೆನಾಡಿನವರಿಗೆ ಈ ಚಿಂತೆ ಒಂದು ಕಾಲಕ್ಕೆ ಇರಲೇ ಇಲ್ಲ. ನಮ್ಮ ಕಡೆ ತೋಟದ ಮನೆಗಳ ಜೀಪುಗಳು ಯಾವಾಗಲೂ ಮೂತಿ ಕೆಳಗೆ ಮಾಡಿಕೊಂಡು ಇಳಿಜಾರಿನಲ್ಲೇ ನಿಂತಿರುತ್ತಿದ್ದವು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದು, ಜೀಪು ಉರುಳಿ ವೇಗ ಹಿಡಿದಾಗ ಕ್ಲಚ್ ಬಿಟ್ಟರೆ ಎಂಜಿನ್ನು ಕೆಮ್ಮಿ ಎದ್ದೇಳುತ್ತಿತ್ತು. ಮನೆ ಕಟ್ಟುವಾಗಲೇ ಜೀಪಿಗೊಂದು ಇಳಿಜಾರು ನೋಡಿಕೊಂಡು ಕಟ್ಟಿದ್ದರು ಎಂದು ನಮ್ಮ ಸೋದರಮಾವ ಹೇಳುತ್ತಿದ್ದರು. ಅವರ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜವೇ. ಇಳಿಜಾರಿಲ್ಲದ ಬಯಲುಸೀಮೆಯವರಿಗೆ ಹ್ಯಾಂಡಲ್ಲೇ ಗತಿ. ಕಾರಿನ ಮೂತಿಯ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಎಂಜಿನ್ನು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುವುದೂ ಉಂಟು. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗಿನಿಂದ ಆ ಕೆಲಸ ಬ್ಯಾಟರಿಯ ಪಾಲಿಗೆ ಬಿತ್ತು. ಅಂದಿನಿಂದ ಕಾರಿನ ಮಾಲೀಕನ ತೋಳಿಗೆ ವಿಶ್ರಾಂತಿ, ಜೇಬಿಗೆ ಕೆಲಸ. ಈಗಿನ ಆಟೋಮ್ಯಾಟಿಕ್ ಗೇರಿನ ಕಾರುಗಳನ್ನಂತೂ ಊರಿಗೆ ಊರೇ ಸೇರಿ ತಳ್ಳಿದರೂ ಶುರುವಾಗುವುದಿಲ್ಲ.

ಬ್ಯಾಟರಿಗೆ ಬೆಲೆಗಿಂತ ಹೆಚ್ಚಿನ ಮರ್ಯಾದೆ ಸಿಕ್ಕ ಕಾಲವೂ ಒಂದಿತ್ತು, ಅದನ್ನು ಹೇಳದೆ ಮುಂದೆ ಹೋಗಲಾರೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಹಳ್ಳಿಗಳಲ್ಲಿ ಕರೆಂಟು ಇದ್ದರೂ ಭಾನುವಾರ ಬೆಳಿಗ್ಗೆ ಇರುತ್ತದೆಂಬ ಭರವಸೆ ಇರಲಿಲ್ಲ. ಹನ್ನೆರಡು ವೋಲ್ಟಿಗೆ ಓಡುವ ಸಣ್ಣ ಕಪ್ಪು ಬಿಳುಪು ಟಿವಿಗಳಿದ್ದವು. ಟ್ರ್ಯಾಕ್ಟರಿನಿಂದ ಬ್ಯಾಟರಿ ಬಿಚ್ಚಿ, ಇಬ್ಬರು ಹೊತ್ತು ತಂದು, ಜಗಲಿಯ ಮೇಲಿಟ್ಟು ತಂತಿ ಸಿಕ್ಕಿಸಿದರೆ ರಾಮನ ದರ್ಶನ. ಸೋಮವಾರ ಟ್ರ್ಯಾಕ್ಟರು ಏಳದಿದ್ದರೆ ಬೈಸಿಕೊಳ್ಳುವವನು ಡ್ರೈವರು. ಟಿವಿಗೆ ಆರತಿ ಎತ್ತಿದ ಮನೆಗಳಿದ್ದವು. ಪಕ್ಕದಲ್ಲೇ ಇದ್ದ ಬ್ಯಾಟರಿಗೂ ಆರತಿಯ ಬಿಸಿ ಒಂದಿಷ್ಟು ತಗುಲಿರಬೇಕು.

ಈಗ ಅಂಗಡಿಗೆ ಬರೋಣ. ಬೆಂಗಳೂರಿನಲ್ಲಿ ಬ್ಯಾಟರಿ ಕೊಳ್ಳುವ ಹಳಬರು ಇವತ್ತಿಗೂ ಜೆ.ಸಿ. ರಸ್ತೆಯ ಹೆಸರು ಹೇಳುತ್ತಾರೆ. ಟೌನ್‌ಹಾಲಿನಿಂದ ಮಿನರ್ವ ವೃತ್ತದವರೆಗಿನ ಆ ರಸ್ತೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳೂ ಇವೆ, ರವೀಂದ್ರ ಕಲಾಕ್ಷೇತ್ರವೂ ಇದೆ. ಗಂಡ ಹಾರನ್ ಹುಡುಕುವಾಗ ಹೆಂಡತಿ ನಾಟಕ ನೋಡಿ ಬರಬಹುದಾದ ರಸ್ತೆ ಬೇರೆಲ್ಲಾದರೂ ಇದೆಯೋ ಇಲ್ಲವೋ. ಅಲ್ಲಿನ ಅಂಗಡಿಯವನು ನೀವು ಬೆಲೆ ಕೇಳುವ ಮೊದಲೇ ಕೇಳುವ ಪ್ರಶ್ನೆ: "ಎಲ್ಲಾ, ಆರಾ ಸಾರ್?" ಕಾರಿನ ಹೆಸರು, ಬಣ್ಣ, ಕೊಂಡ ವರ್ಷ, ಮೈಲೇಜು, ಸಾಲದ ಕಂತು ಎಲ್ಲ ಗೊತ್ತಿರುವ ಗ್ರಾಹಕ ಇಲ್ಲಿ ತಡವರಿಸುತ್ತಾನೆ. ಪಾಸಿಟಿವ್ ಟರ್ಮಿನಲ್ ಯಾವ ಕಡೆಗಿದೆ ಎಂಬುದು ಆ ಪ್ರಶ್ನೆಯ ಅರ್ಥ. ತಪ್ಪಿದರೆ ಕೇಬಲ್ಲು ಎಟುಕುವುದಿಲ್ಲ. ಎಳೆದಾಡಿ ಉಲ್ಟಾ ಸಿಕ್ಕಿಸಿದರೆ ಫ್ಯೂಸು ಸುಡುತ್ತದೆ, ಆಲ್ಟರ್ನೇಟರಿನ ಡಯೋಡೂ ಹೋಗಬಹುದು.

ಬ್ಯಾಟರಿಯ ನೆತ್ತಿಯ ಮೇಲೆ 38ಬಿ20ಎಲ್ ಎಂಬಂಥ ಒಂದು ಒಗಟು ಬರೆದಿರುತ್ತದೆ. ಇದು ಜಪಾನಿನವರ ಪದ್ಧತಿ. 38 ಅದರ ಸಾಮರ್ಥ್ಯದ ದರ್ಜೆ. ಬಿ ಎಂದರೆ ಅಗಲ ಮತ್ತು ಎತ್ತರದ ಅಳತೆ. 20 ಎಂದರೆ ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್. ಕೊನೆಯ ಅಕ್ಷರ ಟರ್ಮಿನಲ್ಲಿನ ದಿಕ್ಕು. ಯುರೋಪಿನ ತಳಿಯ ಕಾರುಗಳಿಗೆ ಡಿನ್ ಎಂದು ಶುರುವಾಗುವ ಬೇರೆ ಲೆಕ್ಕ. ಜಾತಕದಲ್ಲಿ ನಕ್ಷತ್ರ ಪಾದ ನೋಡುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಿಕೊಂಡರೆ ಅಂಗಡಿಯವನು ನಿಮ್ಮನ್ನು ಸ್ವಲ್ಪ ಗೌರವದಿಂದ ಕಾಣುತ್ತಾನೆ. ಬೆಲೆ ಹೇಳುವ ಧ್ವನಿಯೂ ಒಂದಿಷ್ಟು ಇಳಿಯುತ್ತದೆ.

ಇಂಥ ಹೊತ್ತಿಗೆ ಜೊತೆಗೆ ಬಂದ ನೆಂಟರು ಬಾಯಿ ಹಾಕುವುದು ವಾಡಿಕೆ. "ಮೂವತ್ತೈದು ಯಾಕೆ ಭಾವ, ಅರವತ್ತೈದು ಆಂಪ್ಸಿಂದೇ ಹಾಕ್ಸಿಬಿಡಿ, ತಲೆನೋವೇ ಇರಲ್ಲ" ಎಂದು ನನ್ನ ಹೆಂಡತಿಯ ತಮ್ಮ ಹೇಳುತ್ತಾನೆ. ಅವನು ಎಲ್ಲವನ್ನೂ ಒಂದು ಸೈಜು ದೊಡ್ಡದೇ ಕೊಳ್ಳುವವನು, ಚಪ್ಪಲಿ ಸೇರಿದಂತೆ. ಸಣ್ಣ ಪೆಟ್ರೋಲ್ ಕಾರಿಗೆ 35 ಆಂಪಿಯರ್ ಅವರ್ ಸಾಕು. ಡೀಸೆಲ್ ಎಂಜಿನ್ನಿನ ಒಳಗಿನ ಒತ್ತಡ ಹೆಚ್ಚು, ಅದನ್ನು ತಿರುಗಿಸಲು ದೊಡ್ಡದು ಬೇಕು. ಚಿಕ್ಕ ಕಾರಿನ ತಟ್ಟೆಯಲ್ಲಿ ದೊಡ್ಡ ಬ್ಯಾಟರಿ ಕೂರುವುದೇ ಇಲ್ಲ. ಕೂತರೂ ಎತ್ತರ ಹೆಚ್ಚಾಗಿ ಟರ್ಮಿನಲ್ಲು ಬಾನೆಟ್ಟಿಗೆ ತಗುಲಿತೋ, ಕಿಡಿ ಹಾರೀತು. ಕೂತು, ತಗುಲದೆ ಇದ್ದರೆ ಕಾರು ಹೆಚ್ಚು ವೇಗವಾಗಿಯೇನೂ ಓಡುವುದಿಲ್ಲ. ಹೆಚ್ಚಿಗೆ ಕೊಟ್ಟ ದುಡ್ಡು ಬಾನೆಟ್ಟಿನ ಕೆಳಗೆ ಸುಮ್ಮನೆ ಕುಳಿತಿರುತ್ತದೆ.

ನನ್ನ ಮಾವನವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಬ್ಯಾಟರಿ ಅಂಗಡಿಗೆ ಅವರನ್ನು ಕರೆದುಕೊಂಡು ಹೋದರೆ ಪಾಠ ಗ್ಯಾರಂಟಿ. "ನೋಡಿ ಅಳಿಯಂದಿರೇ, 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ್ದೂ ಇದನ್ನೇ, ಇವ್ರು ಮಾರೋದೂ ಇದನ್ನೇ" ಎಂದು ಅಂಗಡಿಯವನ ಎದುರಿಗೇ ಶುರುಮಾಡುತ್ತಾರೆ. ಒಂದು ತಟ್ಟೆ ಸೀಸ, ಇನ್ನೊಂದು ತಟ್ಟೆ ಸೀಸದ ಡೈಆಕ್ಸೈಡು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಇಂಥ ಒಂದು ಕೋಶಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಆರು ಕೋಶ ಸೇರಿಸಿದರೆ, ಪೂರ್ತಿ ಚಾರ್ಜಾದಾಗ, ಸುಮಾರು 12.6 ವೋಲ್ಟ್. ಅದು ಹನ್ನೆರಡಕ್ಕಿಂತ ಕೆಳಗಿಳಿದರೆ ಬ್ಯಾಟರಿ ಹೆಚ್ಚುಕಡಿಮೆ ಖಾಲಿ. ಒಂದು ವೋಲ್ಟಿನೊಳಗೆ ಬದುಕು ಮುಗಿಯಿತು. ಮೂರೂವರೆ ಸಾವಿರದ್ದಕ್ಕೂ ಇದೇ ಲೆಕ್ಕ, ಆರು ಸಾವಿರದ್ದಕ್ಕೂ ಇದೇ. ದುಬಾರಿಯದರೊಳಗೆ ಹದಿನಾಲ್ಕು ವೋಲ್ಟೇನೂ ತುಂಬಿರುವುದಿಲ್ಲ.

ವಿದ್ಯುತ್ತು ಹೊರಟುಹೋದಂತೆ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ; ಆಮ್ಲ ನೀರಾಗುತ್ತ ಬರುತ್ತದೆ. ಚಾರ್ಜು ಮಾಡಿದರೆ ಎಲ್ಲ ಮೊದಲಿನಂತೆ. ಆದರೆ ಕೂಡಲೇ ಮಾಡಬೇಕು. ಹಾಲಿನ ಪಾತ್ರೆಯ ತಳ ಹಿಡಿದದ್ದನ್ನು ಆಗಲೇ ತೊಳೆದರೆ ಬಿಡುತ್ತದೆ, ಮೂರು ದಿನ ಬಿಟ್ಟು ಉಜ್ಜಿದರೆ ಕೈ ನೋಯುತ್ತದೆಯೇ ಹೊರತು ಪಾತ್ರೆ ಬೆಳ್ಳಗಾಗುವುದಿಲ್ಲ. ಖಾಲಿಯಾಗಿ ಬಿದ್ದಿದ್ದ ಬ್ಯಾಟರಿಯ ಸಲ್ಫೇಟೂ ಹಾಗೆಯೇ ಗಟ್ಟಿಕಟ್ಟುತ್ತದೆ. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಊರ ತುಂಬ ಕಾರುಗಳು ಏಳದೆ ಮಲಗಿದ್ದು ಇದಕ್ಕೇ. ಕಾರು ನಿಂತಿದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರು ಎಲ್ಲ ಸೇರಿ ತೊಟ್ಟು ತೊಟ್ಟು ಹೀರುತ್ತಲೇ ಇರುತ್ತವೆ. 50 ಮಿಲಿ ಆಂಪಿಯರ್ ಹೀರುತ್ತವೆಂದರೂ 35 ಆಂಪಿಯರ್ ಅವರಿನ ಬ್ಯಾಟರಿ 700 ಗಂಟೆಯಲ್ಲಿ, ಅಂದರೆ ಒಂದು ತಿಂಗಳೊಳಗೆ, ಬರಿದು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿ ಆರು ತಿಂಗಳ ಮೇಲೆ ಬಂದವರು "ಹೋಗುವಾಗ ಚೆನ್ನಾಗೇ ಇತ್ತಲ್ಲ" ಎಂದು ಆಶ್ಚರ್ಯಪಡುತ್ತಾರೆ. ಹೊರಡುವಾಗ ನೆಗೆಟಿವ್ ಕೇಬಲ್ಲೊಂದನ್ನು ಬಿಚ್ಚಿಟ್ಟಿದ್ದರೆ ಅಷ್ಟು ಆಶ್ಚರ್ಯ ತಪ್ಪುತ್ತಿತ್ತು.

ಬ್ಯಾಟರಿಯ ಆಯಸ್ಸು ಊರಿನ ಮೇಲೂ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಕೈಕೊಟ್ಟರೆ ನಾವು ಚಳಿಯನ್ನು ಬೈಯುತ್ತೇವೆ. ಅದಕ್ಕೆ ಪೆಟ್ಟು ಬಿದ್ದದ್ದು ಹಿಂದಿನ ಬೇಸಿಗೆಯಲ್ಲಿ. ಶಾಖ ಸುಮಾರು ಹತ್ತು ಡಿಗ್ರಿ ಹೆಚ್ಚಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆಂದು ಬ್ಯಾಟರಿಯವರ ಅಂದಾಜು. ಆ ಲೆಕ್ಕದಲ್ಲಿ ರಾಯಚೂರು ಕಲಬುರಗಿಯವರು ಹೆಚ್ಚು ಕಷ್ಟಪಡಬೇಕು, ಬೆಂಗಳೂರಿನವರು ಸುಖವಾಗಿರಬೇಕು. ಹವೆ ಕೊಟ್ಟದ್ದನ್ನು ಬೆಂಗಳೂರು ಟ್ರಾಫಿಕ್ಕಿನಲ್ಲಿ ಕಿತ್ತುಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಸಣ್ಣ ಕಾರಾದರೂ ಆ ಕ್ಷಣಕ್ಕೆ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದನ್ನು ತೀರಿಸಲು ಕಾರು ಒಂದಷ್ಟು ಹೊತ್ತು ಸಲೀಸಾಗಿ ಓಡಬೇಕು. ಸಿಲ್ಕ್ ಬೋರ್ಡ್ ಹತ್ತಿರ ಎ.ಸಿ., ದೀಪ, ಫೋನ್ ಚಾರ್ಜರ್ ಎಲ್ಲ ಹಾಕಿಕೊಂಡು ನಿಂತರೆ ಎಂಜಿನ್ ನಿಧಾನಕ್ಕೆ ಗುರುಗುಡುತ್ತಿರುತ್ತದೆ, ಆಲ್ಟರ್ನೇಟರು ಕೊಡುವುದು ಬಂದದ್ದಕ್ಕೂ ಹೋದದ್ದಕ್ಕೂ ಸರಿಯಾಗುತ್ತದೆ. ತರಕಾರಿಗೆ ಕಾರು, ಜಿಮ್ಮಿಗೆ ಕಾರು ಎಂದು ಅರ್ಧ ಅರ್ಧ ಕಿಲೋಮೀಟರು ಓಡಾಡುವ ಮನೆಯಲ್ಲಿ ಎಷ್ಟು ದುಬಾರಿಯ ಬ್ಯಾಟರಿ ತಂದರೂ ಅದು ಸಾಲದಲ್ಲೇ ಹುಟ್ಟಿ ಸಾಲದಲ್ಲೇ ಸಾಯುತ್ತದೆ.

ಹಾಗಾದರೆ ಬೆಲೆ ಲೆಕ್ಕಕ್ಕೇ ಇಲ್ಲವೆ? ಇದೆ. ನಾವು ಹುಡುಕುವ ಜಾಗದಲ್ಲಿ ಇಲ್ಲ. ನಾವು ನೋಡುವುದು ಹೆಸರನ್ನು. ಎಕ್ಸೈಡ್ ಪಕ್ಷದವರು, ಅಮರಾನ್ ಪಕ್ಷದವರು ಎಂದು ನಮ್ಮ ಮದುವೆಮನೆಗಳಲ್ಲಿ ಎರಡು ಬಣಗಳಿವೆ. ಹೋಳಿಗೆಗೆ ತುಪ್ಪ ಬರುವಷ್ಟರಲ್ಲಿ ವಾದ ಬಿಸಿಯೇರುತ್ತದೆ. ಒಂದರ ಕೇಂದ್ರ ಕೋಲ್ಕತ್ತ, ಇನ್ನೊಂದು ತಿರುಪತಿ ಕಡೆಯದು. ತಿಮ್ಮಪ್ಪನ ಊರಿನದೆಂದು ಅದನ್ನೇ ಕೊಳ್ಳುವವರೂ ಇದ್ದಾರೆ. ಈ ದೊಡ್ಡ ಕಂಪನಿಗಳು ತುಸು ಕಡಿಮೆ ಬೆಲೆಗೆ ಬೇರೆ ಹೆಸರಿನಲ್ಲೂ ಬ್ಯಾಟರಿ ಮಾರುತ್ತವೆ. ಎಸ್‌ಎಫ್ ಎಕ್ಸೈಡಿನವರದೇ, ಪವರ್‌ಝೋನ್ ಅಮರಾನಿನವರದೇ. ಪಕ್ಷಾಂತರ ಮಾಡದೆಯೇ ನಾನೂರು ಐನೂರು ಉಳಿಸುವ ದಾರಿ ಇದು. ವಾದಿಸುವವರಿಗೆ ಇದನ್ನು ಹೇಳಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ, ಹಾಗಾಗಿ ನಾನು ಹೋಳಿಗೆಯ ಕಡೆ ಗಮನ ಕೊಡುತ್ತೇನೆ.

ಹೆಚ್ಚು ಬೆಲೆಯಲ್ಲಿ ನಾವು ಕೊಳ್ಳುವುದರಲ್ಲಿ ದೊಡ್ಡ ಪಾಲು ತಿಂಗಳು. ಒಂದೇ ಕಂಪನಿಯ, ಒಂದೇ ಅಳತೆಯ ಬ್ಯಾಟರಿ ಮೂರ್ನಾಲ್ಕು ಬೆಲೆಗೆ ಸಿಗುತ್ತದೆ. ವಾರಂಟಿ ಕಾರ್ಡಿನ ಮೇಲಿನ ಅಂಕಿ ಬೇರೆ ಬೇರೆ. ಒಳಗಿನ ತಟ್ಟೆಯ ದಪ್ಪದಲ್ಲಿ, ಮಿಶ್ರಲೋಹದಲ್ಲಿ ವ್ಯತ್ಯಾಸ ಇರಬಹುದು, ಅದನ್ನು ನಾವು ಒಡೆದು ನೋಡುವುದಿಲ್ಲ. ನಮ್ಮ ಕಣ್ಣಿಗೆ ಕಾಣುವುದು '24+24' ಎಂಬಂಥ ಬರಹ. ಇದನ್ನು ನಾಲ್ಕು ವರ್ಷವೆಂದು ಓದಿ ಸಂತೋಷಪಡುವವರು ಕೂಡಿಸುವ ಚಿಹ್ನೆಯನ್ನು ಗಮನಿಸಬೇಕು. ಮೊದಲಿನ 24 ತಿಂಗಳಲ್ಲಿ ಕೆಟ್ಟರೆ ಬದಲಿ ಬ್ಯಾಟರಿ ಪುಕ್ಕಟೆ. ಆಮೇಲಿನ 24ರಲ್ಲಿ ಕೆಟ್ಟರೆ ಹೊಸದರ ಮೇಲೆ ರಿಯಾಯಿತಿ ಮಾತ್ರ, ಅದೂ ತಿಂಗಳು ಕಳೆದಂತೆ ಕರಗುವ ರಿಯಾಯಿತಿ. ಸಾಮಾನ್ಯವಾಗಿ ಅದನ್ನು ಮುದ್ರಿತ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳುವ ಬೆಲೆ ಅದಕ್ಕಿಂತ ಕೆಳಗೇ ಇರುತ್ತದೆ. ಎಲ್ಲ ಕಳೆದು ಕೂಡಿಸಿದಾಗ ಆ ಎರಡನೇ 24ರಲ್ಲಿ ಕೈಗೆ ಬರುವುದು ಎಷ್ಟೋ ಸಲ ಆಟೋ ಖರ್ಚು. ಪುಕ್ಕಟೆ ಬಂದ ಬದಲಿ ಬ್ಯಾಟರಿಗೂ ಹೊಸ ವಾರಂಟಿ ಹುಟ್ಟುವುದಿಲ್ಲ, ಹಳೆಯದರ ಉಳಿದ ತಿಂಗಳುಗಳೇ ಮುಂದುವರಿಯುತ್ತವೆ.

ಮಾವನವರು ಅಂಗಡಿಯ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಮಾಡುತ್ತಾರೆ. 18+18ರದು 3,600 ರೂಪಾಯಿ ಎಂದುಕೊಳ್ಳಿ, 30+30ರದು 5,200. ಪುಕ್ಕಟೆ ಬದಲಿಯ ತಿಂಗಳಿಂದ ಭಾಗಿಸಿದರೆ ಮೊದಲನೆಯದು ತಿಂಗಳಿಗೆ 200, ಎರಡನೆಯದು 173. "ಅಂದ್ರೆ ದುಬಾರಿಯದೇ ಅಗ್ಗ" ಎಂದು ಪೆನ್ನು ಮುಚ್ಚುತ್ತಾರೆ. ಗಣಿತದಲ್ಲಿ ತಪ್ಪಿಲ್ಲ. ಆ ಮೂವತ್ತು ತಿಂಗಳೂ ಕಾರು ನಮ್ಮ ಬಳಿಯೇ ಇರಬೇಕು, ಅಷ್ಟೆ. ಮುಂದಿನ ಯುಗಾದಿಗೆ ಕಾರು ಮಾರುವ ಯೋಚನೆ ಇರುವವನು ಐದು ವರ್ಷದ ಬ್ಯಾಟರಿ ಹಾಕಿಸಿದರೆ ಕೊಳ್ಳುವವನು ಹಾಡಿನ ಪೆಟ್ಟಿಗೆ ನೋಡುತ್ತಾನೆ, ಟೈರು ಒದೆಯುತ್ತಾನೆ, ಬ್ಯಾಟರಿಗೆಂದು ನೂರು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ಇನ್ನೂ ಐದಾರು ವರ್ಷ ಇದೇ ಕಾರು ಎಂದು ನಿರ್ಧರಿಸಿದವನಿಗೆ ಎರಡರ ನಡುವಿನ 1,600 ರೂಪಾಯಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 33 ರೂಪಾಯಿ ಚಿಲ್ಲರೆ. ಅದನ್ನು ಉಳಿಸಲು ನಾಲ್ಕು ಅಂಗಡಿ ಸುತ್ತಿ, ನಡುವೆ ದರ್ಶಿನಿಯಲ್ಲಿ ಎರಡು ಸಲ ಕಾಫಿ ಕುಡಿದು ಬರುವವರನ್ನು ನಾನು ಬಲ್ಲೆ. 2025ರ ಸೆಪ್ಟೆಂಬರಿನಲ್ಲಿ ಬ್ಯಾಟರಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಅವರೆಲ್ಲ ಸುತ್ತದೆಯೇ ಒಂದಿಷ್ಟು ಉಳಿಸಿದರು. ಆದರೆ ಸುತ್ತಿ ಉಳಿಸಿದ ಸುಖ ಅದರಲ್ಲಿರಲಿಲ್ಲವಂತೆ.

ಅಗ್ಗಕ್ಕೂ ಒಂದು ತಳ ಇದೆ. ಸೀಸಕ್ಕೆ ಲಂಡನ್ನಿನ ಲೋಹದ ಪೇಟೆಯಲ್ಲಿ ದಿನದಿನವೂ ಬೆಲೆ ಕಟ್ಟುತ್ತಾರೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಎಲ್ಲರಿಗಿಂತ ಸಾವಿರ ರೂಪಾಯಿ ಕಡಿಮೆಗೆ ಕೊಡುವವನು ಸೀಸದಲ್ಲೋ ವಾರಂಟಿಯಲ್ಲೋ ಎಲ್ಲೋ ಒಂದು ಕಡೆ ಕತ್ತರಿ ಆಡಿಸಿರಲೇಬೇಕು. ಅದಕ್ಕೇ ಮಾವನವರು ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಾರೆ. ಒಂದೇ ಅಳತೆಯ ಎರಡರಲ್ಲಿ ಹಗುರವಾದದ್ದನ್ನು ಕೆಳಗಿಡುತ್ತಾರೆ. ಅಂಗಡಿಯವನು "ಹೊಸ ಟೆಕ್ನಾಲಜಿ ಸಾರ್, ಅದಕ್ಕೇ ಲೈಟಾಗಿದೆ" ಎಂದರೆ ಮುಗುಳ್ನಗುತ್ತಾರೆ. ನಲವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದ ಮುಗುಳ್ನಗೆ ಅದು.

ಬೆಲೆಗಿಂತ ಮೊದಲು ನೋಡಬೇಕಾದದ್ದು ತಯಾರಾದ ತೇದಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಕೂತ ಬ್ಯಾಟರಿಯೂ ತನ್ನಷ್ಟಕ್ಕೆ ಬರಿದಾಗುತ್ತ, ಒಳಗೊಳಗೇ ಗಟ್ಟಿಕಟ್ಟುತ್ತ ಇರುತ್ತದೆ. ಒಂಬತ್ತು ತಿಂಗಳು ಧೂಳು ತಿಂದ ದುಬಾರಿಯದಕ್ಕಿಂತ ಹೋದ ತಿಂಗಳು ಕಾರ್ಖಾನೆಯಿಂದ ಬಂದ ಸಾಧಾರಣದ್ದು ಮೇಲು. ಬ್ರೆಡ್ಡಿನ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ತೇದಿ ಓದುವ ನಾವು ಬ್ಯಾಟರಿಯನ್ನು ಹಾಗೆ ತಿರುಗಿಸುವುದಿಲ್ಲ. ಹತ್ತು ಕಿಲೋ ಭಾರವಿದೆ ಎಂಬುದೂ ಒಂದು ಕಾರಣವಿರಬಹುದು. ತೇದಿ ಕೆಲವೊಮ್ಮೆ ಸಂಕೇತಾಕ್ಷರದಲ್ಲಿರುತ್ತದೆ. ಬಿಡಿಸಿ ಹೇಳೆಂದು ಕೇಳಿ. ಹೇಳಲು ಹಿಂದುಮುಂದು ನೋಡುವ ಅಂಗಡಿಯಿಂದ ಮುಂದಿನ ಅಂಗಡಿ ಜೆ.ಸಿ. ರಸ್ತೆಯಲ್ಲಿ ಬಹಳ ದೂರವಿರುವುದಿಲ್ಲ.

ಹಿಂದಿನ ಬ್ಯಾಟರಿ ಅಂಗಡಿಗಳಿಗೆ ಒಂದು ವಾಸನೆಯಿತ್ತು. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಹಿಂದೆ ಸಾಲಾಗಿ ಬಾಯಿ ತೆರೆದು ಚಾರ್ಜಿಗೆ ಕುಳಿತ ಕರಿ ರಬ್ಬರಿನ ಡಬ್ಬಗಳು, ಗುಳುಗುಳು ಸದ್ದು, ಹುಳಿ ಗಾಳಿ, ಆಸಿಡ್ಡು ಹಾರಿ ತೂತು ತೂತಾದ ಅಂಗಿಯ ಹುಡುಗ. ಡಬ್ಬದ ಮೇಲಿನ ಟಾರನ್ನು ಕರಗಿಸಿ ತೆಗೆದು, ಹೋದ ಪ್ಲೇಟುಗಳನ್ನಷ್ಟೇ ಬದಲಾಯಿಸಿ ಕೊಡುತ್ತಿದ್ದರು. ವಾರಂಟಿ ಕಾರ್ಡು ಇರಲಿಲ್ಲ. "ನಾನಿದೀನಲ್ಲ" ಎಂಬ ಮಾತಿತ್ತು. ಈಗಿನವು ಮುಚ್ಚಿದ ಬಾಯಿಯವು. ತಟ್ಟೆಯ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿ ನೀರು ಆರುವುದನ್ನು ಕಡಿಮೆ ಮಾಡಿರುವುದರಿಂದ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ತಪ್ಪಿದೆ. ಅದರ ಜೊತೆಗೇ ತಿಂಗಳಿಗೊಮ್ಮೆ ಬಾನೆಟ್ಟು ಎತ್ತಿ ನೋಡುವ ಅಭ್ಯಾಸವೂ ಹೋಯಿತು. ಕೈಕೊಡುವ ಮುಂಚೆ ಬ್ಯಾಟರಿ ಕೊಡುತ್ತಿದ್ದ ಸೂಚನೆಗಳು ಈಗಲೂ ಇವೆ: ಬೆಳಿಗ್ಗೆ ಸೆಲ್ಫು ಎಳೆದೆಳೆದು ತಿರುಗುವುದು, ಹಾರನ್ನಿನ ದನಿ ಸೋಲುವುದು. ಆಗಲೇ ಹೋದರೆ ನಾಲ್ಕು ಅಂಗಡಿ ವಿಚಾರಿಸಲು ಪುರುಸೊತ್ತಿರುತ್ತದೆ. ಮದುವೆಗೆ ಹೊರಟು ರೇಷ್ಮೆ ಪಂಚೆಯಲ್ಲಿ ರಸ್ತೆ ಬದಿ ನಿಂತವನಿಗೆ ಬೆಲೆ ಹೇಳುವವನು ಎದುರಿಗಿರುವ ಅಂಗಡಿಯವನು. ಅವನು ಪಂಚೆ ನೋಡಿಯೇ ಹೇಳುತ್ತಾನೆ.

ಕರೆಂಟಿನ ಕಾರು ಬಂದರೆ ಈ ಪೀಡೆ ತೊಲಗುತ್ತದೆಂದು ನಂಬಿದವರಿದ್ದಾರೆ. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗಿಳಿದ ಪುಟಾಣಿ ರೇವಾ ಓಡುತ್ತಿದ್ದದ್ದೇ ಸೀಸದ ಬ್ಯಾಟರಿಯ ಮೇಲೆ: ಆರು ವೋಲ್ಟಿನವು ಎಂಟು, ಒಟ್ಟು 48 ವೋಲ್ಟ್. ಒಂದು ಬ್ಯಾಟರಿಗೇ ಗೊಣಗುವ ನಾವು ಎಂಟನ್ನು ಒಟ್ಟಿಗೆ ಬದಲಾಯಿಸಬೇಕಾದವರ ಮುಖವನ್ನು ಊಹಿಸಿಕೊಳ್ಳಬಹುದು. ಈಗಿನ ಕರೆಂಟಿನ ಕಾರುಗಳು ಲಿಥಿಯಂ ಮೇಲೆ ಓಡುತ್ತವೆ. ಆದರೂ ಅವುಗಳ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಹನ್ನೆರಡು ವೋಲ್ಟಿನ ಬ್ಯಾಟರಿ ಇದ್ದೇ ಇರುತ್ತದೆ, ಬಾಗಿಲ ಬೀಗಕ್ಕೆ, ದೀಪಕ್ಕೆ, ಕಂಪ್ಯೂಟರನ್ನು ಎಬ್ಬಿಸುವುದಕ್ಕೆ. ಅದು ಮಲಗಿದರೆ ನೂರಾರು ಕಿಲೋಮೀಟರಿಗೆ ಸಾಕಾಗುವ ಲಿಥಿಯಂ ತುಂಬಿದ್ದರೂ ಕಾರು ಕಣ್ಣು ಬಿಡುವುದಿಲ್ಲ. ಇಪ್ಪತ್ತು ಲಕ್ಷದ ಕಾರು ಐದು ಸಾವಿರದ ಡಬ್ಬಕ್ಕೆ ಕಾದು ನಿಂತಿರುವುದನ್ನು ನೋಡಿದರೆ ನನಗೆ, ಸುಳ್ಳೇಕೆ, ಸ್ವಲ್ಪ ಸಂತೋಷವೇ ಆಗುತ್ತದೆ.

ಇನ್ನು ಹಳೆಯದರ ವಿಚಾರ. ಹೊಸದರ ಬೆಲೆ ಹೇಳುವಾಗಲೇ ಅಂಗಡಿಯವನು "ಹಳೇದು ಕೊಟ್ರೆ ಇಷ್ಟು, ಕೊಡದಿದ್ರೆ ಇಷ್ಟು" ಎಂದು ಎರಡು ಬೆಲೆ ಹೇಳುತ್ತಾನೆ. ಇಲ್ಲಿ ನಮ್ಮ ಕೊನೆಯ ಜಾಣತನ ಎಚ್ಚೆತ್ತುಕೊಳ್ಳುತ್ತದೆ: ಬೀದಿಯಲ್ಲಿ ಬರುವ ಗುಜರಿಯವನು ನೂರು ರೂಪಾಯಿ ಹೆಚ್ಚಿಗೆ ಕೊಟ್ಟಾನು ಎಂದು ಹಳೆಯದನ್ನು ಮನೆಗೆ ಹೊತ್ತು ತಂದು ಮೆಟ್ಟಿಲ ಕೆಳಗಿಡುತ್ತೇವೆ. ಗುಜರಿಯ ದಾರಿ ಹಿಡಿದ ಬ್ಯಾಟರಿ ಎಷ್ಟೋ ಸಲ ಊರಾಚೆಯ ಯಾವುದೋ ಶೆಡ್ಡು ಸೇರುತ್ತದೆ. ಅಲ್ಲಿ ಆಸಿಡ್ಡನ್ನು ನೆಲಕ್ಕೆ ಚೆಲ್ಲಿ, ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಆ ಹೊಗೆ, ಆ ಧೂಳು ಮಕ್ಕಳ ಮೈಸೇರಿದರೆ ಅವರ ಮೆದುಳಿಗೇ ಹಾನಿ. ಸರಿಯಾದ ಕಾರ್ಖಾನೆಗೆ ಹೋದರೆ ಅದೇ ಸೀಸ ಬಹುಪಾಲು ಮತ್ತೆ ಬ್ಯಾಟರಿಯಾಗುತ್ತದೆ. ಮಾರುವವರು ಹಳೆಯದನ್ನು ವಾಪಸು ಪಡೆಯಬೇಕೆಂಬ ನಿಯಮ ನಮ್ಮಲ್ಲಿ 2001ರಲ್ಲೇ ಬಂದಿತ್ತು. 2022ರ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಅಂಗಡಿಯವನಿಗೂ ಅದರಿಂದ ಹೊತ್ತು ಹೋಗುತ್ತದೆ. ಹಳೆಯದನ್ನು ಮಾತ್ರ ಅಲ್ಲಿಯೇ ಕೊಟ್ಟು, ಅದರ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಬನ್ನಿ. ಆ ನೂರು ರೂಪಾಯಿ ಬಿಟ್ಟುಬಿಡಿ.